ಅಪ್ಪ ಅರ್ಧಕ್ಕೆ ಬಿಟ್ಟುಹೋದ ರೈಫಲ್: ಬೀಟೆಯ ಹಿಡಿ, ನಳಿಗೆಯ ಕಪ್ಪು, ಮೊದಲ ಗುಂಡು

ಪ್ರಶ್ನೆ: ನಮ್ಮದು ವಿರಾಜಪೇಟೆ ತಾಲ್ಲೂಕಿನ ಕಾಫಿ ಬೆಳೆಗಾರರ ಕುಟುಂಬ. ನನ್ನ ಅಪ್ಪ ಹಳೆಯ ಮೌಸರ್ ಆ್ಯಕ್ಷನ್ (ಕಾಡತೂಸನ್ನು ತುಂಬಿ ಸಿಡಿಸುವ ಯಂತ್ರಭಾಗ) ಒಂದಕ್ಕೆ ಪರವಾನಗಿ ಇರುವ ಕೋವಿ ಕೆಲಸದವರಿಂದ .375 ಹಾಲೆಂಡ್ ಅಂಡ್ ಹಾಲೆಂಡ್ ಮ್ಯಾಗ್ನಮ್ ನಳಿಗೆಯನ್ನು ಕೂರಿಸಿಕೊಂಡು, ಐನ್‌ಮನೆಯ (ಕುಲದ ಹಿರಿಮನೆಯ) ದುರಸ್ತಿಯ ವೇಳೆ ತೆಗೆದ ಬೀಟೆ ತೊಲೆಯಿಂದ ಅದರ ಹಿಡಿಯನ್ನು ತಾವೇ ಕೆತ್ತುತ್ತಿದ್ದರು. ಕೆಲಸ ಮುಗಿಯುವ ಮೊದಲೇ ತೀರಿಕೊಂಡರು. ಹಿಡಿಗೆ ಆಕಾರ ಬಂದಿದೆ, ಪಾಲಿಶ್ ಆಗಿಲ್ಲ. ನಳಿಗೆ ಇನ್ನೂ ಬಿಳಿ ಉಕ್ಕಾಗಿಯೇ ಇದೆ. ಅಪ್ಪ ಎತ್ತರದ ಆಳು, ನಾನು ಗಿಡ್ಡ. ಮರದ ಮೇಲೆ ಅವರ ಉಳಿಯ ಗುರುತುಗಳಿವೆ. ಇದನ್ನು ಹೇಗೆ ಮುಗಿಸಲಿ? ಮುಗಿಸಿದ ಮೇಲೆ ಗುಂಡು ಹೊಡೆಯಬಹುದೇ, ಗೋಡೆಯ ಮೇಲೆ ಇಡುವುದೇ ಸರಿಯೇ? ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನ ತೆಂಗಿನಕಾಯಿ ಗುರಿ ಸ್ಪರ್ಧೆಯಲ್ಲಿ ಇದರಿಂದಲೇ ಹೊಡೆಯೋಣ ಎಂದು ತಮ್ಮ ಹೇಳುತ್ತಿದ್ದಾನೆ. ಅಪ್ಪನ ಪೆಟ್ಟಿಗೆಯಲ್ಲಿ ಹಳೆಯ ಕಾಡತೂಸುಗಳೂ ಇವೆ.

ಉತ್ತರ: ಈ ರೈಫಲ್ಲನ್ನು ಮುಗಿಸಬಹುದು, ಮುಗಿಸಿದ ಮೇಲೆ ಅದರಿಂದ ಗುಂಡನ್ನೂ ಹೊಡೆಯಬಹುದು. ಹೊಡೆಯಲೇಬೇಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ನಿಮ್ಮ ತಂದೆಯವರು ಗೋಡೆಗೆ ಅಲಂಕಾರವೊಂದನ್ನು ಮಾಡಲು ಹೊರಟವರಲ್ಲ. ಗೋಡೆಗೆಂದಾದರೆ ಈ ಬೋರಿನ ನಳಿಗೆಯನ್ನು ಹುಡುಕಿ ತರಿಸುವ ಅಗತ್ಯ ಅವರಿಗೆ ಇರಲಿಲ್ಲ. ಆದರೆ ನೀವು ಕೇಳಿರುವ ಕ್ರಮವನ್ನು ನಾನು ತಿರುಗಿಸಬೇಕಾಗಿದೆ. ಪಾಲಿಶ್, ಬಣ್ಣ, ಹೊಳಪು ಇವೆಲ್ಲ ಕೊನೆಯ ಕೆಲಸಗಳು. ಉಕ್ಕು ಮತ್ತು ಮರ ಒಂದನ್ನೊಂದು ಮುಟ್ಟುವ, ಹೊರಗಿನಿಂದ ಯಾರಿಗೂ ಕಾಣದ ಜಾಗಗಳು ಮೊದಲು ಸರಿಯಾಗಬೇಕು. ದೊಡ್ಡ ಬೋರಿನ ರೈಫಲ್ ಉಳಿಯುವುದೂ ಸೀಳುವುದೂ ಅಲ್ಲಿಯೇ ತೀರ್ಮಾನವಾಗುತ್ತದೆ.

ಮೊದಲಿಗೆ ಕಾಗದಪತ್ರದ ವಿಚಾರವನ್ನು ಹೇಳಿಬಿಡುತ್ತೇನೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿದೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಆದರೆ ಆ ವಿನಾಯಿತಿ ವ್ಯಕ್ತಿಗೆ ಸಲ್ಲುವಂಥದ್ದು. ತಂದೆಯವರ ಹೆಸರಿನಲ್ಲಿ ದಾಖಲಾಗಿದ್ದ ಆಯುಧ ಅವರ ಮರಣಾನಂತರ ತಾನಾಗಿಯೇ ನಿಮ್ಮದಾಗುವುದಿಲ್ಲ. ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ನಿಮ್ಮ ಹೆಸರಿನ ವಿನಾಯಿತಿ ಪತ್ರದಲ್ಲಿ ಈ ರೈಫಲ್ ಅದರ ಸಂಖ್ಯೆಯ ಸಮೇತ ನಮೂದಾಗುವವರೆಗೆ ಬೇರೆ ಯಾವ ಕೆಲಸಕ್ಕೂ ಕೈಹಾಕಬೇಡಿ. ನಳಿಗೆ ಬದಲಾಗಿರುವುದರಿಂದ ಕೆಲಸ ಮಾಡಿಕೊಟ್ಟವರ ರಸೀದಿ ಹುಡುಕಿ, ದಾಖಲೆಯಲ್ಲಿರುವ ಬೋರು ಮತ್ತು ಸಂಖ್ಯೆ ಉಕ್ಕಿನ ಮೇಲಿರುವುದರೊಂದಿಗೆ ತಾಳೆಯಾಗುತ್ತದೆಯೇ ಎಂದು ನೋಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕಿನ ತಯಾರಿಕೆ, ಮಾರ್ಪಾಡು, ದುರಸ್ತಿ, ಪರೀಕ್ಷೆಗಳಿಗೆ ಪರವಾನಗಿ ಬೇಕು. ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳುವುದಕ್ಕೆ, ಕೋವಿ ಕೆಲಸ ಮಾಡುವುದಕ್ಕಲ್ಲ. ಆದ್ದರಿಂದ ಮರದ ಹೊರಮೈಯ ಪಾಲಿಶ್ ನಿಮ್ಮ ಕೈಯಲ್ಲಿರಲಿ. ಉಕ್ಕಿನ ಕೆಲಸ, ಉಕ್ಕನ್ನು ಮರದಲ್ಲಿ ಕೂರಿಸುವ ಕೆಲಸ ಮತ್ತು ಮೊದಲ ಪರೀಕ್ಷಾ ಗುಂಡು ಪರವಾನಗಿ ಇರುವವರ ಕೈಯಲ್ಲಿರಲಿ. ಅವರಿಗೆ ಏನನ್ನು ಹೇಳಬೇಕು, ಅವರ ಕೆಲಸದಲ್ಲಿ ಏನನ್ನು ಗಮನಿಸಬೇಕು ಎಂಬುದು ನಿಮಗೆ ತಿಳಿದಿರಲಿ ಎಂದು ಎರಡನ್ನೂ ವಿವರಿಸುತ್ತೇನೆ.

.375 ಎಂಬ ಒಂದೇ ಅಂಕಿಯ ಕೆಳಗೆ ಪರಸ್ಪರ ಹೊಂದದ ಹಲವು ಕಾಡತೂಸುಗಳಿವೆ. ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ 1912ರಲ್ಲಿ ಹೊರತಂದ, ತಳದ ಬಳಿ ಪಟ್ಟಿಯಿರುವ ಮ್ಯಾಗ್ನಮ್ ಒಂದು. ಜೋಡುನಳಿಗೆ ರೈಫಲ್‌ಗಳಿಗಾಗಿ ಅದೇ ಕಾಲದಲ್ಲಿ ಬಂದ ಅಂಚುಳ್ಳ ರೂಪ ಇನ್ನೊಂದು. ಇವೆರಡಕ್ಕಿಂತ ಹಳೆಯದಾದ, ಕಡಿಮೆ ಬಲದ ನೈಟ್ರೋ ಎಕ್ಸ್‌ಪ್ರೆಸ್ ಮತ್ತೊಂದು. ನಳಿಗೆಯ ಮೇಲಿನ ಬರಹವನ್ನಷ್ಟೇ ನಂಬದೆ, ಕಡಿಮೆ ಶಾಖಕ್ಕೆ ಕರಗುವ ಬಿಸ್ಮತ್ ಮಿಶ್ರಲೋಹವನ್ನು ಚೇಂಬರಿನೊಳಗೆ, ಅಂದರೆ ನಳಿಗೆಯಲ್ಲಿ ಕಾಡತೂಸು ಕೂರುವ ಗೂಡಿನೊಳಗೆ, ಎರೆದು ಅಚ್ಚು ತೆಗೆದು ಅಳೆಯುವಂತೆ ಕೆಲಸದವರಿಗೆ ಹೇಳಿ. ಪಟ್ಟಿಯಿರುವ ಕಾಡತೂಸು ಚೇಂಬರಿನಲ್ಲಿ ನಿಲ್ಲುವುದು ಆ ಪಟ್ಟಿಯ ಆಧಾರದ ಮೇಲೆ. ಅಲ್ಲಿನ ಅಳತೆ 5.59 ಮಿಲಿಮೀಟರಿನ ಆಸುಪಾಸಿನಲ್ಲಿರಬೇಕು, ಅದನ್ನು ಗೇಜು ಹಾಕಿಯೇ ನೋಡಬೇಕು. ಮೌಸರ್ ಆ್ಯಕ್ಷನ್ ಎಂದಿದ್ದೀರಿ, ಅದು ಉದ್ದನೆಯ ಮ್ಯಾಗ್ನಮ್ ಮೌಸರೋ ಸಾಮಾನ್ಯ ಅಳತೆಯ 98 ಮಾದರಿಯೋ ಎಂಬುದನ್ನು ತಿಳಿಸಿಲ್ಲ. ಈ ಕಾಡತೂಸಿನ ಒಟ್ಟು ಉದ್ದ ಸುಮಾರು 91 ಮಿಲಿಮೀಟರ್. ಸಾಮಾನ್ಯ 98ರ ಮ್ಯಾಗಝೀನಿಗೆ ಅದು ಹಿಡಿಸುವುದಿಲ್ಲ. ಹಿಡಿಸಬೇಕೆಂದರೆ ಮುಂಭಾಗದಲ್ಲಿ, ಬೋಲ್ಟಿನ (ಚೇಂಬರನ್ನು ಹಿಂದಿನಿಂದ ಮುಚ್ಚುವ ಸರಳಿನ) ಕೆಳಗಿನ ಲಗ್, ಅಂದರೆ ಚಾಚು, ಒತ್ತಿ ನಿಲ್ಲುವ ಜಾಗದ ಹಿಂದಿನಿಂದ ಉಕ್ಕನ್ನು ಕೊರೆಯಬೇಕಾಗುತ್ತದೆ. ಅಳತೆ ಬಲ್ಲವರು ಮಾಡಿದ್ದರೆ ಆ ಕೆಲಸ ದಶಕಗಳ ಕಾಲ ಬಾಳುತ್ತದೆ. ಅತಿಯಾಗಿ ಕೊರೆದಿದ್ದರೆ ಇಡೀ ಒತ್ತಡವನ್ನು ತಾಳುವ ಲಗ್ಗಿನ ಬೆನ್ನಿಗೆ ಆಸರೆ ಇರುವುದಿಲ್ಲ. ಹಾಗಿದ್ದರೆ ಈ ರೈಫಲ್ ಗೋಡೆಗೇ ಸರಿ ಎಂದು ಸಂಕಟದಿಂದಲೇ ಹೇಳಬೇಕಾಗುತ್ತದೆ. ಮಿಕ್ಕ ಯಾವ ದೋಷಕ್ಕೂ ಪರಿಹಾರವಿದೆ, ಇದಕ್ಕಿಲ್ಲ.

ಇನ್ನು ಮರಕ್ಕೆ ಬರುತ್ತೇನೆ. ಬೀಟೆ ಸುಂದರವಾದ ಮರ, ಬಲವಾದ ಮರ, ನಮ್ಮ ಮಣ್ಣಿನ ಮರ. ಆದರೂ ಜಗತ್ತಿನ ಕೋವಿ ಕೆಲಸದವರು ಅಕ್ರೋಟು ಮರವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅಕ್ರೋಟು ಪೆಟ್ಟನ್ನು ತುಸು ಬಾಗಿ ಸಹಿಸಿಕೊಳ್ಳುತ್ತದೆ. ಬೀಟೆ ಹೆಚ್ಚು ಗಟ್ಟಿ, ಕಾಲು ಭಾಗಕ್ಕೂ ಹೆಚ್ಚು ಭಾರ, ಆದರೆ ಒತ್ತಡ ಒಂದು ಬಿಂದುವಿನಲ್ಲಿ ನೆಟ್ಟರೆ ಎಳೆಯ ಗುಂಟ ಸೀಳುತ್ತದೆ. ಭಾರ ನಿಮಗೆ ಲಾಭವೇ, ರೈಫಲ್ ಭಾರವಾದಷ್ಟೂ ಒದೆತ ತಗ್ಗುತ್ತದೆ. ಸೀಳುವ ಗುಣಕ್ಕೆ ಮಾತ್ರ ಮುಂಚಿತವಾಗಿಯೇ ಉತ್ತರ ಸಿದ್ಧವಿರಬೇಕು. ನಿಮ್ಮ ಮರ ಹಳೆಯ ತೊಲೆಯದಾದ್ದರಿಂದ ಚೆನ್ನಾಗಿ ಒಣಗಿರುತ್ತದೆ, ಇದು ಭಾಗ್ಯ. ಆದರೆ ತೊಲೆಯಲ್ಲಿ ಹಳೆಯ ಮೊಳೆಯ ತೂತುಗಳಿರಬಹುದು, ಮೇಲೆ ಕಾಣದ ಕೂದಲೆಳೆಯ ಬಿರುಕುಗಳಿರಬಹುದು. ಹಿಡಿಯನ್ನು ಸ್ಪಿರಿಟ್‌ನಿಂದ ಒರೆಸಿ ಬಿಸಿಲಿಗೆ ಹಿಡಿಯಿರಿ. ಮೇಲ್ಮೈ ಆರುತ್ತಿರುವಾಗ ಬಿರುಕಿನ ಒಳಗಿನ ತೇವ ಕೊನೆಗೆ ಆರುವುದರಿಂದ ಒಂದು ಕಪ್ಪು ಗೆರೆ ಕ್ಷಣಕಾಲ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬೆರಳುಗಳು ಸುತ್ತುವ ಕೊರಳಿನ ಭಾಗದಲ್ಲಿ ಮರದ ಎಳೆ ಯಾವ ದಿಕ್ಕಿಗೆ ಹರಿದಿದೆ ಎಂದು ನೋಡಿ. ಅದು ಕೊರಳಿನ ಉದ್ದಕ್ಕೂ ನೇರವಾಗಿ ಸಾಗಿದ್ದರೆ ನಿಶ್ಚಿಂತೆ. ಅಡ್ಡಲಾಗಿ ಇಳಿದು ಹೊರಬಿದ್ದಿದ್ದರೆ ಕೊರಳಿನೊಳಗೆ ಉದ್ದಕ್ಕೆ ಒಂದು ಉಕ್ಕಿನ ಸರಳನ್ನು ಎಪಾಕ್ಸಿಯಲ್ಲಿ ಕೂರಿಸಲೇಬೇಕು.

300 ಗ್ರೇನ್ ತೂಕದ, ಅಂದರೆ ಸುಮಾರು 19.4 ಗ್ರಾಮಿನ ಗುಂಡು ಸೆಕೆಂಡಿಗೆ 770 ಮೀಟರ್ ವೇಗದಲ್ಲಿ ಹೊರಟಾಗ, ನಾಲ್ಕು ಕಿಲೋ ತೂಕದ ರೈಫಲ್ ಸುಮಾರು 50 ಜೌಲ್ ಶಕ್ತಿಯಿಂದ ಹಿಂದಕ್ಕೆ ಒದೆಯುತ್ತದೆ. .30-06 ರೈಫಲ್ಲಿನ ಒದೆತ ಇದರ ಅರ್ಧದಷ್ಟು. ಈ ಒದೆತ ನಿಮ್ಮ ಭುಜವನ್ನು ತಲುಪುವ ಮೊದಲು ಮರವನ್ನು ದಾಟಿ ಬರಬೇಕು, ಮತ್ತು ಅದು ಮರಕ್ಕೆ ಪ್ರವೇಶಿಸುವುದು ಆ್ಯಕ್ಷನ್ನಿನ ಅಡಿಯಲ್ಲಿರುವ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ, ಬೋಲ್ಟಿನದಲ್ಲದ ಇನ್ನೊಂದು ಉಕ್ಕಿನ ಲಗ್ಗಿನ ಮೂಲಕ. ಲಗ್ಗಿನ ಹಿಂಬದಿ ಇಡಿಯಾಗಿ ಮರಕ್ಕೆ ತಾಗಿದ್ದರೆ ಒತ್ತಡ ಹರಡುತ್ತದೆ. ಒಂದು ಮೂಲೆ ಮಾತ್ರ ತಾಗಿದ್ದರೆ ಅಲ್ಲಿಂದಲೇ ಸೀಳು ಹೊರಡುತ್ತದೆ. ಆದ್ದರಿಂದ ಕೆಲಸದವರು ಈ ಜಾಗವನ್ನು ಉಕ್ಕಿನ ಪುಡಿ ಬೆರೆತ ಎಪಾಕ್ಸಿಯಿಂದ ತುಂಬಿ ಅಚ್ಚಿನಂತೆ ಕೂರಿಸಬೇಕು. ಬೀಟೆಯ ಮೈಯಲ್ಲಿ ಎಣ್ಣೆಯಂಥ ಸತ್ವ ಇರುವುದರಿಂದ ಎಪಾಕ್ಸಿ ಹಚ್ಚುವ ತುಸು ಮೊದಲು ಆ ಜಾಗವನ್ನು ಅಸಿಟೋನ್‌ನಿಂದ ಒರೆಸಿ, ಹೊಸದಾಗಿ ಕೆರೆದ ಮರದ ಮೇಲೆಯೇ ಹಚ್ಚಬೇಕು. ಇಲ್ಲದಿದ್ದರೆ ಅದು ಹಿಡಿದಂತೆ ಕಂಡು ಬಿಟ್ಟುಬಿಡುತ್ತದೆ. ಲಗ್ಗಿನ ಹಿಂದೆ ಮರದ ಅಡ್ಡಕ್ಕೆ ಒಂದು ಉಕ್ಕಿನ ಬೋಲ್ಟು, ಟ್ರಿಗರಿನ ಜಾಗಕ್ಕೂ ಮ್ಯಾಗಝೀನಿನ ಜಾಗಕ್ಕೂ ನಡುವೆ ಉಳಿಯುವ ತೆಳು ಮರದಲ್ಲಿ ಇನ್ನೊಂದು ಇರಲಿ. ನಳಿಗೆಯ ಅಡಿಗೂ ಎರಡನೆಯ ಲಗ್ ಬೆಸೆದಿದ್ದರೆ ಇನ್ನೂ ಒಳ್ಳೆಯದು, ದೊಡ್ಡ ಬೋರಿನ ರೈಫಲ್‌ಗಳಲ್ಲಿ ಅದು ರೂಢಿಯೇ. ಕೊನೆಯದಾಗಿ, ಆ್ಯಕ್ಷನ್ನಿನ ಹಿಂದಿನ ಬಾಲ ಮರಕ್ಕೆ ತಾಗಬಾರದು. ಅಲ್ಲಿ ಅರ್ಧ ಮಿಲಿಮೀಟರಿನಷ್ಟು ಎಡೆ ಕಾಣಬೇಕು. ನೋಡಿದವರಿಗೆ ಅದು ಕೆಲಸಗಾರರ ಅಜಾಗರೂಕತೆ ಎನ್ನಿಸಬಹುದು, ಆದರೆ ಬಿಗಿಯಾಗಿ ಕೂರಿಸಿದ ಬಾಲವೇ ಕೊರಳನ್ನು ಬೆಣೆಯಾಗಿ ಸೀಳುತ್ತದೆ. ನಾನು ಕಂಡ ಒಡೆದ ಬೀಟೆ ಹಿಡಿಗಳಲ್ಲಿ ಹೆಚ್ಚಿನವು ಇದೇ ಜಾಗದಿಂದ ಒಡೆದಿದ್ದವು.

ನಿಮ್ಮ ತಂದೆಯವರ ಉಳಿಯ ಗುರುತುಗಳ ಬಗ್ಗೆ ನೀವು ಕೇಳಿರುವುದು ನನ್ನ ಮನಸ್ಸಿಗೆ ತಾಗಿತು. ನನ್ನ ಸಲಹೆ ಹೀಗಿದೆ. ನಳಿಗೆ ಮಲಗುವ ಕಾಲುವೆಯ ತಳದಲ್ಲಿ, ಮ್ಯಾಗಝೀನಿನ ಗೂಡಿನ ಒಳಗೋಡೆಗಳಲ್ಲಿ, ಹಿಡಿಯ ಹಿಂತುದಿಯ ಪಟ್ಟಿಯಡಿಯಲ್ಲಿ ಇರುವ ಗುರುತುಗಳೆಲ್ಲ ಹಾಗೆಯೇ ಇರಲಿ, ಅವುಗಳ ಮೇಲೆ ತೆಳುವಾಗಿ ಅರಗಿನ ಲೇಪ ಕೊಟ್ಟು ತೇವದಿಂದ ಕಾಪಾಡಿ. ಅಲ್ಲಿ ಪೆನ್ಸಿಲಿನ ಬರಹವಿದ್ದರೆ ಅದೂ ಅರಗಿನಡಿಯಲ್ಲಿ ಭದ್ರವಾಗಿರುತ್ತದೆ. ಲಗ್ ಕೂರುವ ಜಾಗವನ್ನು ಮಾತ್ರ ಹೊಸದಾಗಿ ಕೆತ್ತಲೇಬೇಕು. ಹೊರಮೈಯ ಗುರುತುಗಳಲ್ಲಿ ಕೊರಳಿನ ಸುತ್ತ ಇರುವವನ್ನು ಪೂರ್ತಿ ತೆಗೆಯಿರಿ, ಏಕೆಂದರೆ ಆಳದ ಉಳಿಗೀರು ಸೀಳಿಗೆ ಆರಂಭಬಿಂದುವಾಗಬಲ್ಲದು. ನಳಿಗೆಯಡಿಯ ಮುಂಗೈ ಭಾಗದಲ್ಲಿ ಹಗುರವಾದ ಒಂದೆರಡು ಗುರುತು ಉಳಿದರೆ ರೈಫಲ್ಲಿಗೆ ಏನೂ ಆಗುವುದಿಲ್ಲ. ನಾನಾದರೆ ಉಳಿಸಿಕೊಳ್ಳುತ್ತೇನೆ.

ಉದ್ದದ ಪ್ರಶ್ನೆಯಲ್ಲಿ ನೀವು ಬಯಸದ ಉತ್ತರವನ್ನು ಕೊಡಬೇಕಾಗಿದೆ. ಹಿಡಿಯನ್ನು ಕತ್ತರಿಸಿ. ಟ್ರಿಗರಿನಿಂದ ಹಿಂತುದಿಯವರೆಗಿನ ಉದ್ದ ಎತ್ತರದ ಆಳಿಗೆ 355 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿರುತ್ತದೆ, ನಿಮಗೆ 330ರ ಆಸುಪಾಸು ಬೇಕಾಗಬಹುದು. ಸಣ್ಣ ಬೋರಿನಲ್ಲಿ ಉದ್ದದ ಹಿಡಿ ಕೇವಲ ಅನನುಕೂಲ. ಈ ಬೋರಿನಲ್ಲಿ ಅದು ಗಾಯ. ಉದ್ದವಾದ ಹಿಡಿ ಭುಜದ ಗುಳಿಯಲ್ಲಿ ಕೂರದೆ ತೋಳಿನ ಕೀಲಿನ ಮೇಲೆ ಜಾರಿ ನಿಲ್ಲುತ್ತದೆ, ಕೆನ್ನೆ ತನ್ನ ಜಾಗಕ್ಕೆ ಬರದೆ ಮರ ಮುಖಕ್ಕೆ ಹೊಡೆಯುತ್ತದೆ. 25 ಮಿಲಿಮೀಟರ್ ದಪ್ಪದ ಗಟ್ಟಿ ರಬ್ಬರಿನ ಪ್ಯಾಡನ್ನು ಲೆಕ್ಕಕ್ಕೆ ಹಿಡಿದೇ ಕತ್ತರಿಸುವ ಗೆರೆಯನ್ನು ಗುರುತಿಸಬೇಕು. ನಿಮ್ಮ ದಪ್ಪ ಸ್ವೆಟರ್ ಹಾಕಿಕೊಂಡು ಒಮ್ಮೆ, ತೆಳು ಬಟ್ಟೆಯಲ್ಲಿ ಒಮ್ಮೆ ಭುಜಕ್ಕೇರಿಸಿ ನೋಡಿ ನಿರ್ಧರಿಸಿ. ತೆಳುವಾದ ಹಲ್ಲಿನ ಗರಗಸದಿಂದ ಒಂದೇ ಸಲಕ್ಕೆ ನೇರವಾಗಿ ಕತ್ತರಿಸಿ, ಬಿದ್ದ ತುಂಡನ್ನು ಹಿಡಿಯ ಜೊತೆಗೇ ಪಾಲಿಶ್ ಮಾಡಿ ತೆಗೆದಿಡಿ. ಮುಂದೆ ಮನೆಯಲ್ಲಿ ಉದ್ದ ತೋಳಿನವರು ಯಾರಾದರೂ ಇದನ್ನು ಹಿಡಿಯುವ ಕಾಲ ಬಂದರೆ, ಪ್ಯಾಡಿಗೂ ಹಿಡಿಗೂ ನಡುವೆ ಅದೇ ತುಂಡನ್ನು ಎರಡು ಉದ್ದನೆಯ ಸ್ಕ್ರೂಗಳಿಂದ ಮರಳಿ ಕೂರಿಸಬಹುದು. ಎಳೆ ಎಳೆಗೆ ಸೇರುವುದರಿಂದ ಜೋಡಣೆ ಕಣ್ಣಿಗೂ ಅಷ್ಟಾಗಿ ಕಾಣುವುದಿಲ್ಲ.

ಮರದ ಪಾಲಿಶ್ ಕೆಲಸವನ್ನು ಜನವರಿಯಿಂದ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬೀಳುವುದರೊಳಗೆ ಮುಗಿಸಿ. ಮಳೆಗಾಲದ ಕೊಡಗಿನಲ್ಲಿ ಮರ ಗಾಳಿಯಿಂದಲೇ ತೇವ ಕುಡಿದು ಉಬ್ಬಿರುತ್ತದೆ, ಆಗ ಲೇಪ ಕೊಟ್ಟರೆ ಬೇಸಿಗೆಯಲ್ಲಿ ಕುಗ್ಗಿದಾಗ ಉಕ್ಕಿನ ಅಂಚುಗಳಲ್ಲಿ ಎಡೆಗಳು ತೆರೆದುಕೊಳ್ಳುತ್ತವೆ. 120ರ ಸ್ಯಾಂಡ್‌ಪೇಪರಿನಿಂದ ಆರಂಭಿಸಿ 400ರವರೆಗೆ, ಯಾವಾಗಲೂ ಎಳೆಯ ಗುಂಟ, ಕಾಗದದ ಹಿಂದೆ ಒಂದು ಗಟ್ಟಿ ಮರದ ತುಂಡು ಇಟ್ಟುಕೊಂಡು ಉಜ್ಜಿ. ಬರಿ ಬೆರಳಿನಿಂದ ಉಜ್ಜಿದರೆ ಉಕ್ಕು ಸೇರುವ ಅಂಚುಗಳು ದುಂಡಾಗಿಬಿಡುತ್ತವೆ. ನಡುವೆ ಒಂದೆರಡು ಬಾರಿ ಒದ್ದೆ ಬಟ್ಟೆಯಿಂದ ಒರೆಸಿ, ಎದ್ದ ನವಿರನ್ನು ಒಣಗಿದ ಮೇಲೆ ತೆಗೆಯಿರಿ. ಬೀಟೆಯ ಧೂಳು ಹಲವರಿಗೆ ಚರ್ಮದ ಮೇಲೆ ತುರಿಕೆ, ಉಸಿರಿನ ತೊಂದರೆ ತರುತ್ತದೆ. ಒಳ್ಳೆಯ ಮಾಸ್ಕ್ ಧರಿಸಿ, ತೆರೆದ ಜಗಲಿಯಲ್ಲಿ ಕುಳಿತು ಮಾಡಿ.

ಅಗಸೆ ಎಣ್ಣೆಯನ್ನು ಕೈಯಿಂದ ತಿಕ್ಕಿ ತಿಕ್ಕಿ ಹೊಳಪು ತರಿಸುವುದು ಅಕ್ರೋಟು ಮರದ ಶಾಸ್ತ್ರೀಯ ಪದ್ಧತಿ. ಬೀಟೆಗೆ ಅದನ್ನು ನೇರವಾಗಿ ಹಚ್ಚಿದವರು ವಾರಗಳಾದರೂ ಅಂಟಂಟಾಗಿಯೇ ಉಳಿಯುವ ಮೈಯನ್ನು ಕಂಡು ಎಣ್ಣೆಯನ್ನು ದೂರುತ್ತಾರೆ. ದೋಷ ಎಣ್ಣೆಯದಲ್ಲ. ಅಗಸೆ ಎಣ್ಣೆ ಗಟ್ಟಿಯಾಗುವುದು ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ಬೀಟೆಯ ಸತ್ವದಲ್ಲಿರುವ ರಾಸಾಯನಿಕಗಳು ಅದೇ ಕ್ರಿಯೆಯನ್ನು ತಡೆಯುತ್ತವೆ. ಅದಕ್ಕೆ ಪರಿಹಾರ ನಮ್ಮ ಬಡಗಿಗಳಿಗೆ ಗೊತ್ತಿರುವುದೇ: ಮೇಣ ತೆಗೆದ ಅರಗಿನ ಚಕ್ಕೆಗಳನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮೊದಲು ಅದರ ಎರಡು ಮೂರು ತೆಳು ಲೇಪಗಳನ್ನು ಕೊಡುವುದು. ಅರಗು ಗಟ್ಟಿಯಾಗಲು ಆಮ್ಲಜನಕ ಬೇಕಿಲ್ಲ, ಸ್ಪಿರಿಟ್ ಆವಿಯಾದರೆ ಸಾಕು. ಅದು ಮರದ ಸತ್ವವನ್ನು ಒಳಗೇ ಬಂಧಿಸುತ್ತದೆ. ಆ ತಳದ ಮೇಲೆ ಕುದಿಸಿದ ಅಗಸೆ ಎಣ್ಣೆ ಅಥವಾ ಟಂಗ್ ಎಣ್ಣೆಯನ್ನು ಬೆರಳ ತುದಿಯಷ್ಟೇ ತೆಗೆದುಕೊಂಡು, ಶಾಖ ಹುಟ್ಟುವಂತೆ ಅಂಗೈಯಿಂದ ತಿಕ್ಕಿ, ಉಳಿದದ್ದನ್ನು ಒರೆಸಿಬಿಡಿ. ಒಂದು ಲೇಪ ಪೂರ್ತಿ ಒಣಗದೆ ಇನ್ನೊಂದು ಕೊಡಬೇಡಿ. ಅವಸರ ಇಲ್ಲದಿದ್ದರೆ ಹತ್ತು ಹನ್ನೆರಡು ಲೇಪಗಳಲ್ಲಿ ಬೀಟೆಯ ನೇರಳೆ ಕಂದು ಬಣ್ಣ ಒಳಗಿನಿಂದ ಬೆಳಗುತ್ತದೆ. ಪ್ಯಾಡಿನಡಿಯ ಕತ್ತರಿಸಿದ ಮೈ, ಸ್ಕ್ರೂ ತೂತುಗಳ ಒಳಭಾಗ, ಮ್ಯಾಗಝೀನಿನ ಗೂಡು ಇವಕ್ಕೆ ಅರಗನ್ನು ಧಾರಾಳವಾಗಿ ಕುಡಿಸಿ, ಮಳೆಗಾಲದ ತೇವ ಒಳಗೆ ಹೋಗುವುದು ಈ ದಾರಿಗಳಿಂದಲೇ. ಇನ್ನೊಂದು ಎಚ್ಚರಿಕೆಯನ್ನು ದಯವಿಟ್ಟು ಮರೆಯಬೇಡಿ. ಅಗಸೆ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದುರಿ ಎಸೆದರೆ ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಕಾಫಿ ಚೀಲಗಳಿರುವ ಗೋದಾಮಿನ ಹತ್ತಿರವಂತೂ ಬೇಡವೇ ಬೇಡ. ಬಟ್ಟೆಯನ್ನು ಹೊರಗೆ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಉಕ್ಕಿನ ಬಣ್ಣಕ್ಕೆ ಮಳೆಗಾಲವೇ ಒಳ್ಳೆಯ ಕಾಲ. ಇಂದು ಹೆಚ್ಚಿನ ಕಡೆ ಮಾಡುವುದು 140 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾಸ್ಟಿಕ್ ದ್ರಾವಣದಲ್ಲಿ ಅದ್ದುವ ಬಿಸಿ ಕಪ್ಪು. ನಿಮ್ಮ ನಳಿಗೆಯ ಮೇಲೆ ಗುರಿಮಣಿಯ ಪೀಠವನ್ನು ಮೆದು ಬೆಸುಗೆಯಿಂದ ಕೂರಿಸಿದ್ದರೆ ಆ ದ್ರಾವಣ ಬೆಸುಗೆಯನ್ನು ತಿನ್ನುತ್ತದೆ. ಹಳೆಯ ನಿಧಾನದ ತುಕ್ಕಿನ ಪದ್ಧತಿಯನ್ನೇ ಕೇಳಿ. ಅದರಲ್ಲಿ ಜಿಡ್ಡು ಪೂರ್ತಿ ತೆಗೆದ ಉಕ್ಕಿಗೆ ಆಮ್ಲದ ದ್ರಾವಣ ಹಚ್ಚಿ, ತೇವದ ಗಾಳಿಯಲ್ಲಿ ನವಿರಾದ ಕೆಂಪು ತುಕ್ಕು ಬರಿಸಿ, ಶುದ್ಧ ನೀರಿನಲ್ಲಿ ಕುದಿಸುತ್ತಾರೆ. ಕುದಿಸಿದಾಗ ಕೆಂಪು ತುಕ್ಕು ಕಪ್ಪು ಮ್ಯಾಗ್ನಟೈಟ್ ಆಗುತ್ತದೆ, ಸಡಿಲ ಪುಡಿಯನ್ನು ಮೃದುವಾದ ತಂತಿ ಬ್ರಷ್ಷಿನಿಂದ ತೆಗೆದು ಮತ್ತೆ ಅದನ್ನೇ ಆರೆಂಟು ಬಾರಿ ಮಾಡುತ್ತಾರೆ. ಬೇರೆ ಊರುಗಳಲ್ಲಿ ಇದಕ್ಕಾಗಿ ತೇವದ ಪೆಟ್ಟಿಗೆ ಕಟ್ಟಬೇಕು, ಜುಲೈ ತಿಂಗಳ ಕೊಡಗಿನಲ್ಲಿ ಬಾಗಿಲು ತೆರೆದರೆ ಸಾಕು. ಹೀಗೆ ಬಂದ ಕಪ್ಪು ಮಂಕಾಗಿ, ಆಳವಾಗಿ ಕಾಣುತ್ತದೆ, ಬಿಸಿ ಕಪ್ಪಿಗಿಂತ ಚೆನ್ನಾಗಿ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ನಳಿಗೆಯ ಒಳಭಾಗಕ್ಕೆ ಎರಡೂ ಕಡೆ ಬಿರಡೆ ಹಾಕಿರಬೇಕು. ಬಣ್ಣಕ್ಕೆ ಮೊದಲು ಉಕ್ಕನ್ನು ನಯಗೊಳಿಸುವಾಗ ತಿರುಗುವ ಬಫ್ ಚಕ್ರ ಬಳಸಲು ಬಿಡಬೇಡಿ. ಅದು ಸಂಖ್ಯೆಯನ್ನೂ ಪ್ರೂಫ್ ಮುದ್ರೆಗಳನ್ನೂ (ಒತ್ತಡ ಪರೀಕ್ಷೆಯ ಗುರುತುಗಳನ್ನೂ) ಸವೆಸುತ್ತದೆ. ಸಂಖ್ಯೆ ಅಳಿದ ಬಂದೂಕು ಕಾನೂನಿನ ಕಣ್ಣಿನಲ್ಲಿ ಅಪರಾಧದ ವಸ್ತು, ನಿಮ್ಮ ಉದ್ದೇಶ ಎಷ್ಟು ಒಳ್ಳೆಯದಿದ್ದರೂ.

ಪೆಟ್ಟಿಗೆಯ ಹಳೆಯ ಕಾಡತೂಸುಗಳನ್ನು ಹೊಡೆಯಬೇಡಿ. ಎಷ್ಟು ಮಳೆಗಾಲಗಳನ್ನು ಅವು ಅಟ್ಟದ ಮೇಲೆ ಕಳೆದಿವೆ ಎಂದು ಯಾರೂ ಹೇಳಲಾರರು. ಕಾರ್ಡೈಟ್ ಎಂಬ ಹಳೆಯ ಕಾಲದ ಮದ್ದು ತುಂಬಿದ ಕಾಡತೂಸುಗಳಾಗಿದ್ದರೆ ಅವುಗಳ ಪ್ರೈಮರಿನಲ್ಲಿ (ಮದ್ದಿಗೆ ಕಿಡಿ ಕೊಡುವ ತಳದ ಭಾಗದಲ್ಲಿ) ಕ್ಲೋರೇಟ್ ಇರುವ ಸಾಧ್ಯತೆ ಹೆಚ್ಚು. ಅದು ನಳಿಗೆಯಲ್ಲಿ ಬಿಡುವ ಉಪ್ಪು ನಮ್ಮ ಹವೆಯಲ್ಲಿ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಸುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗದು, ನೀರಿನಲ್ಲಿ ಕರಗುತ್ತದೆ. ಸಿಡಿಯದೆ ತಡವಾಗಿ ಹಾರುವ ಕಾಡತೂಸಿನ ಅಪಾಯ ಬೇರೆ. ಅವುಗಳ ಲೆಕ್ಕ ತಂದೆಯವರ ದಾಖಲೆಯಲ್ಲಿರುತ್ತದೆ, ಹೆಸರು ಬದಲಾವಣೆಯ ವೇಳೆಯಲ್ಲೇ ಅವುಗಳನ್ನು ಒಪ್ಪಿಸುವ ಬಗ್ಗೆ ಕೇಳಿ. ಹೊಸ ಕಾಡತೂಸು ದುಬಾರಿ, ಸುಲಭವಾಗಿಯೂ ಸಿಗುವುದಿಲ್ಲ. ಮನೆಯಲ್ಲಿ ಮದ್ದು ತುಂಬಿಕೊಳ್ಳುವ ಯೋಚನೆಯನ್ನು ಯಾರಾದರೂ ಕೊಟ್ಟರೆ ನಿರಾಕರಿಸಿ, ಅದಕ್ಕೂ ಪರವಾನಗಿ ಬೇಕು.

ಮೊದಲ ಗುಂಡು ಯಾರ ಭುಜದಿಂದಲೂ ಹೊರಡಬಾರದು. ಕೆಲಸದವರು ರೈಫಲ್ಲನ್ನು ಗಟ್ಟಿಯಾದ ಆಸರೆಗೆ ಕಟ್ಟಿ, ದೂರದಿಂದ ಹಗ್ಗ ಎಳೆದು ಹೊಡೆದು, ಖಾಲಿ ಕೇಸನ್ನು ಅಳೆದು ನೋಡಿದ ಮೇಲೆ ನಿಮ್ಮ ಸರದಿ. ಜಾಗ ಹಿಂದೆ ಎತ್ತರದ ಮಣ್ಣಿನ ಒಡ್ಡು ಇರುವ, ಅನುಮತಿ ಪಡೆದ ಶೂಟಿಂಗ್ ರೇಂಜ್ ಆಗಿರಬೇಕು. ತೋಟದ ಮೂಲೆ ಬೇಡ, ಈ ಗುಂಡು ಹಲವು ಕಿಲೋಮೀಟರ್ ಹೋಗುತ್ತದೆ. ಅಲ್ಲಿಗೆ ಹೋಗುವ ದಾರಿಯನ್ನೂ ಯೋಚಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಆಯುಧದೊಂದಿಗೆ ಅಭಯಾರಣ್ಯ ಪ್ರವೇಶಿಸುವುದೇ ಅಪರಾಧ, ಮತ್ತು ನಮ್ಮ ಜಿಲ್ಲೆಯನ್ನು ನಾಗರಹೊಳೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಸುತ್ತುವರಿದಿವೆ. ಆನೆಯ ಹಾವಳಿ ಎಷ್ಟೇ ಇದ್ದರೂ ಈ ರೈಫಲ್ಲಿಗೆ ತೋಟದಲ್ಲಿ ಕೆಲಸವಿಲ್ಲ ಎಂಬುದು ಮನೆಯವರೆಲ್ಲರಿಗೂ ಸ್ಪಷ್ಟವಿರಲಿ.

ಹೊಡೆಯುವಾಗ ಮೇಜಿನ ಮೇಲೆ ಬಾಗಿ ಕೂರಬೇಡಿ. ಬಾಗಿದ ಮೈ ಹಿಂದಕ್ಕೆ ಸರಿಯಲಾರದ್ದರಿಂದ ಪೂರ್ತಿ ಒದೆತವನ್ನು ಭುಜದ ಮೂಳೆಯೇ ತಿನ್ನುತ್ತದೆ. ನಿಂತುಕೊಂಡು, ಎದೆಯ ಎತ್ತರದ ಆಸರೆಯ ಮೇಲೆ ಮುಂಗೈಯನ್ನು ಇಟ್ಟು, ಮುಂಭಾಗವನ್ನು ಗಟ್ಟಿಯಾಗಿ ಹಿಡಿದು ಹೊಡೆಯಿರಿ. ಕಿವಿಯೊಳಗೆ ಬಿರಡೆ, ಮೇಲೆ ಮಫ್ ಎರಡೂ ಇರಲಿ, ಇಂಥ ರೈಫಲ್ಲಿನ ಸದ್ದು 160 ಡೆಸಿಬಲ್ ಮೀರುತ್ತದೆ. ಮೌಸರಿನ ಉಗುರು ಕಾಡತೂಸನ್ನು ಮ್ಯಾಗಝೀನಿನಿಂದ ಮೇಲೇರುವಾಗಲೇ ಹಿಡಿಯುವಂತೆ ರಚಿತವಾಗಿದೆ, ಆದ್ದರಿಂದ ಒಂದೇ ಕಾಡತೂಸಾದರೂ ಮ್ಯಾಗಝೀನಿಗೆ ಒತ್ತಿಯೇ ತುಂಬಿ, ಚೇಂಬರಿಗೆ ನೇರವಾಗಿ ಹಾಕಿ ಬೋಲ್ಟ್ ಬಡಿಯಬೇಡಿ. ಮೊದಲು 50 ಮೀಟರಿನಲ್ಲಿ ತೆರೆದ ಗುರಿಮಣಿಯಿಂದ ಹೊಡೆದು ನೋಡಿ, ನಂತರ 100 ಮೀಟರಿಗೆ ಹೋಗಿ. ಒಂದು ದಿನಕ್ಕೆ ಐದಾರು ಗುಂಡು ಸಾಕು. ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಿದೆ ಎನ್ನಿಸಿದ ಕ್ಷಣದಲ್ಲಿ ನಿಲ್ಲಿಸಿ, ಏಕೆಂದರೆ ಆ ಅಭ್ಯಾಸ ಅಂಟಲು ಒಂದು ಮಧ್ಯಾಹ್ನ ಸಾಕು, ಬಿಡಿಸಲು ವರ್ಷ ಬೇಕು. ಮನೆಯಲ್ಲಿ ಡಮ್ಮಿ ಕಾಡತೂಸು ಹಾಕಿ ಟ್ರಿಗರ್ ಅಭ್ಯಾಸ ಮಾಡುವುದು ಇದಕ್ಕೆ ಒಳ್ಳೆಯ ಔಷಧ.

ನಿಮ್ಮ ತಮ್ಮನವರ ಆಸೆ ನನಗೆ ಅರ್ಥವಾಗುತ್ತದೆ, ಆದರೆ ತೆಂಗಿನಕಾಯಿ ಸ್ಪರ್ಧೆಗೆ ಇದನ್ನು ಒಯ್ಯಬೇಡಿ. ಹನ್ನೆರಡು ಬೋರಿನ ಕೋವಿಗೂ .22 ರೈಫಲ್ಲಿಗೂ ಸಾಕಾಗುವ ಹಿಂಬದಿಯ ಒಡ್ಡು ಈ ಗುಂಡಿಗೆ ಸಾಕಾಗದು. ಸುಗ್ಗಿ ಹಬ್ಬವಾದ ಪುತ್ತರಿಯ ಕದಿರು ತೆಗೆಯುವಾಗ ಆಕಾಶಕ್ಕೆ ಹೊಡೆಯಲೂ ಇದು ಬೇಡ, ಮೇಲೆ ಹೋದ 19 ಗ್ರಾಮಿನ ಗುಂಡು ಎಲ್ಲೋ ಇಳಿಯಲೇಬೇಕು. ಕೈಲ್‌ಪೊಳ್ದ್‌ನ ದಿನ ಕನ್ನಿಕೋಂಬರೆಯಲ್ಲಿ (ಪೂಜಾಕೋಣೆಯಲ್ಲಿ) ಉಳಿದ ಕೋವಿಗಳ ಜೊತೆ ಇದಕ್ಕೂ ಪೂಜೆ ಸಲ್ಲಲಿ. ನಳಿಗೆಯ ಬಾಯಿಗೆ ತೋಕ್‌ಪೂ (ಕೋವಿ ಹೂ) ಇಟ್ಟಿದ್ದರೆ, ಪೂಜೆಯ ನಂತರ ಹೂವನ್ನು ತೆಗೆದು, ಬೋಲ್ಟ್ ಕಳಚಿ, ಬೆಳಕಿಗೆ ಹಿಡಿದು ನಳಿಗೆಯ ಒಳಗನ್ನು ನೋಡುವುದನ್ನು ಒಂದು ನಿಯಮ ಮಾಡಿಕೊಳ್ಳಿ. ಒಳಗುಳಿದ ಹೂವಿನ ತೊಟ್ಟೂ ಈ ಒತ್ತಡದಲ್ಲಿ ನಳಿಗೆಯನ್ನು ಉಬ್ಬಿಸಬಲ್ಲ ಅಡ್ಡಿ. ಗಂಧ, ಕುಂಕುಮದ ತೇವ ಉಕ್ಕಿನ ಮೇಲೆ ರಾತ್ರಿಯಿಡೀ ಉಳಿಯದಂತೆ ಅಂದೇ ಒರೆಸಿ ಎಣ್ಣೆ ಸವರಿ. ಮಳೆಗಾಲದಲ್ಲಿ ಚರ್ಮದ ಅಥವಾ ಬಟ್ಟೆಯ ಚೀಲದಲ್ಲಿ ಇಡಬೇಡಿ, ಅವು ತೇವವನ್ನು ಹಿಡಿದಿಡುತ್ತವೆ. ಬೀಗವಿರುವ ಬೀರುವಿನಲ್ಲಿ ಸಿಲಿಕಾ ಜೆಲ್ ಜೊತೆ, ಗಾಳಿ ಆಡುವಂತೆ ನಿಲ್ಲಿಸಿಡಿ.

ಹಿಡಿಯ ಕೊರಳಿನ ಚೌಕುಳಿ ಕೆತ್ತನೆಯನ್ನೂ, ಮನೆಹೆಸರಿನ ಬೆಳ್ಳಿ ಬಿಲ್ಲೆ ಕೂರಿಸುವ ಇಚ್ಛೆಯಿದ್ದರೆ ಅದನ್ನೂ ಈಗಲೇ ಮಾಡಿಸಬೇಡಿ. ಮೊದಲ ಇಪ್ಪತ್ತು ಗುಂಡುಗಳಾದ ಮೇಲೆ ರೈಫಲ್ಲನ್ನು ಬಿಚ್ಚಿಸಿ, ಲಗ್ಗಿನ ಹಿಂಬದಿ, ಮ್ಯಾಗಝೀನಿನ ಮೂಲೆಗಳು ಮತ್ತು ಬಾಲದ ಹಿಂದಿನ ಮರವನ್ನು ಮತ್ತೆ ಸ್ಪಿರಿಟ್ ಒರೆಸಿ ನೋಡಿ. ಹೊಸ ಗೆರೆ ಯಾವುದೂ ಕಾಣದಿದ್ದರೆ ಕೆತ್ತನೆ ಮಾಡಿಸಿ, ಬೀಟೆಯ ಎಳೆ ಸಿಡಿಯದಂತೆ ತುಸು ದೊಡ್ಡ ಚೌಕಗಳೇ ಇರಲಿ. ಬಿಲ್ಲೆಯ ಜಾಗ ಹಿಡಿಯ ಹಿಂಭಾಗದ ಅಡಿಯಲ್ಲಿ, ಪ್ಯಾಡಿನಿಂದ ನಾಲ್ಕು ಬೆರಳು ಮುಂದೆ. ಅಲ್ಲಿ ಮರ ದಪ್ಪವಿರುತ್ತದೆ, ಕೈಯೂ ಕೆನ್ನೆಯೂ ಅದಕ್ಕೆ ತಾಗುವುದಿಲ್ಲ.